ಕ್ಯಾನ್ಸರ್ ಪಿಎಚ್‌.ಡಿ. ನಡುವೆ ಕಂಪನಿಯಲ್ಲಿ ಇಂಟರ್ನ್‌ಶಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಜೀವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿರುವವರು, ಸೇರಬೇಕೆಂದಿರುವವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ಮಣಿಪಾಲದ ಕಡೆಯವರು. ಹಾಗಾಗಿ ಉತ್ತರಗಳಲ್ಲಿಯೂ ಇಲ್ಲಿನ ನಿಯಮ, ಇಲ್ಲಿನ ಕಂಪನಿಗಳದ್ದೇ ಮಾತು. ಹೊರದೇಶದಲ್ಲಿ ಓದುವವರಿಗೂ ಮುಂದೆ ಒಂದು ಉತ್ತರವಿದೆ.

ಪಿಎಚ್‌.ಡಿ. ಮಾಡುತ್ತಲೇ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಬಹುದೇ?

ಮಾಡಬಹುದು. ಆದರೆ ನೀವು ಕೇಳುತ್ತಿರುವುದು ಇಂಟರ್ನ್‌ಶಿಪ್ಪೋ, ಸಹಯೋಗವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ತಕರಾರು ಹುಟ್ಟುತ್ತವೆ.

ನಿಮ್ಮ ಥೀಸಿಸ್‌ಗೆ ಸಂಬಂಧವಿಲ್ಲದ ಕೆಲಸವನ್ನು ಮೂರರಿಂದ ಆರು ತಿಂಗಳು ಕಂಪನಿಯಲ್ಲಿ ಕಲಿತು ಬರುವುದು ಇಂಟರ್ನ್‌ಶಿಪ್. ನೀವು ಬಾಯಿಯ ಕ್ಯಾನ್ಸರ್‌ನಲ್ಲಿ ಔಷಧ ನಿರೋಧಕತೆಯ ಮೇಲೆ ಕೆಲಸ ಮಾಡುತ್ತಿದ್ದು, ಕಂಪನಿಯಲ್ಲಿ ಪ್ರತಿಕಾಯಗಳ (ಆ್ಯಂಟಿಬಾಡಿ) ಗುಣಮಟ್ಟ ಪರೀಕ್ಷೆ ಕಲಿತರೆ ಅದು ಈ ಬಗೆ. ಥೀಸಿಸ್‌ನ ಒಂದು ಅಧ್ಯಾಯವನ್ನೇ ಕಂಪನಿಯ ಅಣುವಿನ ಮೇಲೆ, ಕಂಪನಿಯ ಉಪಕರಣದಲ್ಲಿ ಮಾಡಿದರೆ ಅದು ಸಹಯೋಗ. ಸಹಯೋಗದಲ್ಲಿ ಸಹಿ ಹಾಕಬೇಕಾದವರು ನೀವಲ್ಲ, ನಿಮ್ಮ ಸಂಸ್ಥೆ. ಪೇಟೆಂಟ್ ಯಾರದು, ಪ್ರಕಟಣೆಗೆ ಅನುಮತಿ ಯಾರದು, ಮಾದರಿಗಳು ಯಾರವು ಎಂಬುದೆಲ್ಲ ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಇರಬೇಕು. ಕಾಗದ ಸಿದ್ಧವಾಗಲು ಆರು ತಿಂಗಳು ಹಿಡಿದರೂ ಅಚ್ಚರಿಯಿಲ್ಲ.

ನನ್ನ ಸಲಹೆ ಕೇಳಿದರೆ ಮೊದಲನೆಯದೇ ಒಳ್ಳೆಯದು. ಥೀಸಿಸ್‌ಗೆ ಸಂಬಂಧವಿಲ್ಲದ ಕೆಲಸವೆಂದರೆ ಸಮಯ ವ್ಯರ್ಥ ಎಂದು ಮೂಗು ಮುರಿಯುವವರಿದ್ದಾರೆ. ಥೀಸಿಸ್‌ಗೆ ಸಂಬಂಧವಿಲ್ಲದಿರುವುದೇ ಅದರ ಲಾಭ. ಗೈಡ್‌ಗೆ ಆತಂಕವಿಲ್ಲ, ವಕೀಲರಿಗೆ ಕೆಲಸವಿಲ್ಲ, ನಿಮಗೆ ಗೊತ್ತಿರದ ವಿದ್ಯೆಯೊಂದು ಕೈಗೆ ಹತ್ತುತ್ತದೆ.

ಕ್ಯಾನ್ಸರ್ ಸಂಶೋಧನೆಗೆ ಕಂಪನಿಯ ಸಹವಾಸ ಏಕೆ ಬೇಕು? ಮೂಲ ವಿಜ್ಞಾನ ಸಾಲದೇ?

ಮೂಲ ವಿಜ್ಞಾನಿಯಾಗಿಯೇ ಉಳಿಯುವವರಿಗೆ ಸಾಕು. ಇಂಟರ್ನ್‌ಶಿಪ್ ಮಾಡದಿದ್ದರೆ ಬದುಕು ಹಾಳು ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ಆದರೆ ನಿಮ್ಮ ಕ್ಷೇತ್ರದ ಚರಿತ್ರೆಯನ್ನೊಮ್ಮೆ ನೋಡಿ. ಸ್ತನ ಕ್ಯಾನ್ಸರ್‌ನ ಒಂದು ಗುಂಪಿನ ಗಡ್ಡೆಗಳಲ್ಲಿ ಹರ್‌-2 ಜೀನಿನ ಪ್ರತಿಗಳು ಹೆಚ್ಚಿರುತ್ತವೆ, ಅಂಥವರ ರೋಗ ವೇಗವಾಗಿ ಉಲ್ಬಣಿಸುತ್ತದೆ ಎಂದು ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು ತೋರಿಸಿದ್ದು 1987ರಲ್ಲಿ. ಸ್ಲೇಮನ್ ಅವರು ವಿಶ್ವವಿದ್ಯಾಲಯದ ವಿಜ್ಞಾನಿ. ಜೀನು ಕೈಯಲ್ಲಿದ್ದದ್ದು ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್ರಿಚ್ ಅವರ ಬಳಿ. ಅಲ್ಲಿಂದ, ಆ ಜೀನಿನ ಪ್ರೋಟೀನನ್ನು ಗುರಿಯಾಗಿಸುವ ಪ್ರತಿಕಾಯವಾದ ಟ್ರಾಸ್ಟುಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಅದೇ ಪ್ರತಿಕಾಯದ ಜೈವಿಕ ಸದೃಶವನ್ನು, ಅಂದರೆ ಅದಕ್ಕೆ ಸರಿಸಾಟಿಯಾದ ಔಷಧವನ್ನು, ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆಂದು ನಿಮೋಟುಜುಮಾಬ್ ಪ್ರತಿಕಾಯವನ್ನು ಇದೇ ಕಂಪನಿ 2006ರಲ್ಲಿಯೇ ತಂದಿತ್ತು.

ಇನ್ನೂ ಹತ್ತಿರದ ಉದಾಹರಣೆ ಕಾರ್-ಟಿ ಚಿಕಿತ್ಸೆ: ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವುದು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ಬೆಳೆದ ಸಂಶೋಧನೆಗೆ ಇಮ್ಯುನೋಆಕ್ಟ್ ಎಂಬ ಕಂಪನಿ ರೂಪ ಕೊಟ್ಟಿತು. ಅದರ ನೆಕ್ಸ್‌ಕಾರ್‌19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ ಅನುಮತಿ ಪಡೆದ ಮೊದಲ ಸ್ವದೇಶಿ ಕಾರ್-ಟಿ ಅದು. ಬೆಂಗಳೂರಿನ ಇಮ್ಯುನೀಲ್ 2025ರ ಆರಂಭದಲ್ಲಿ ಕಾರ್ಟೆಮಿ ಎಂಬ ಇನ್ನೊಂದನ್ನು ತಂದಿತು. ಇಂಥ ಕಡೆ ಕೋಶಗಳ ಬಗ್ಗೆ ಪ್ರಬಂಧ ಬರೆಯಬಲ್ಲವರು ಬೇಕು. ಅವರಷ್ಟೇ ಮುಖ್ಯವಾಗಿ, ಒಬ್ಬ ರೋಗಿಯ ಕೋಶಗಳನ್ನು ತಪ್ಪಿಲ್ಲದೆ ಬೆಳೆಸಿ, ಪರೀಕ್ಷಿಸಿ, ಆ ರೋಗಿಗೇ ಮರಳಿಸಬಲ್ಲವರೂ ಬೇಕು. ಎರಡನ್ನೂ ಬಲ್ಲವರು ಕಡಿಮೆ.

ಯಾವ ವರ್ಷದಲ್ಲಿ ಹೋಗುವುದು ಸರಿ?

ಮೂರನೆಯ ವರ್ಷದ ಕೊನೆ ಅಥವಾ ನಾಲ್ಕನೆಯ ವರ್ಷ.

ಮೊದಲ ವರ್ಷ ಕೋರ್ಸ್‌ವರ್ಕ್‌ನಲ್ಲಿ ಕಳೆಯುತ್ತದೆ. ಎರಡನೆಯ ವರ್ಷ ನಿಮ್ಮ ಪ್ರಯೋಗಗಳೇ ಕೈಗೆ ಹತ್ತಿರುವುದಿಲ್ಲ. ಆಗ ಬಿಟ್ಟು ಹೋದರೆ ಮರಳಿ ಬಂದಾಗ ಮತ್ತೆ ಒಂದರಿಂದ ಎಣಿಕೆ. ಕೊನೆಯ ವರ್ಷದಲ್ಲಿ ಹೋದರೆ ಥೀಸಿಸ್ ಬರವಣಿಗೆ ನಿಲ್ಲುತ್ತದೆ, ನಿಂತದ್ದು ಮತ್ತೆ ಹೊರಡುವುದು ಕಷ್ಟ. ಮೂರನೆಯ ವರ್ಷದ ಹೊತ್ತಿಗೆ ಮೊದಲ ಪ್ರಬಂಧದ ದತ್ತಾಂಶ ಒಂದು ಹಂತಕ್ಕೆ ಬಂದಿರುತ್ತದೆ. ಪತ್ರಿಕೆಗೆ ಕಳುಹಿಸಿ ಪರಿಶೀಲಕರ ಉತ್ತರಕ್ಕೆ ಕಾಯುವ ಆ ಖಾಲಿ ತಿಂಗಳುಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ.

ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದಕ್ಕೂ ಮೇಲೆ ಎರಡು ವರ್ಷದ ವಿನಾಯಿತಿ ಇದೆ. ಲೆಕ್ಕಕ್ಕೆ ಆರು ತಿಂಗಳು ದೊಡ್ಡದಲ್ಲ. ಆದರೆ ನಿಯಮದ ಆರು ವರ್ಷಕ್ಕೂ ಫೆಲೋಶಿಪ್‌ನ ಐದು ವರ್ಷಕ್ಕೂ ನಡುವೆ ಒಂದು ಕಂದಕವಿದೆ. ಬಾಡಿಗೆ ಕಟ್ಟಬೇಕಾದದ್ದು ಎರಡನೆಯ ಲೆಕ್ಕದಿಂದ.

ಫೆಲೋಶಿಪ್ ನಿಂತುಹೋಗುತ್ತದೆಯೇ?

ನೆಟ್ ಪರೀಕ್ಷೆಯ ಮೂಲಕ ಬರುವ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್) ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದು ಪೂರ್ಣಾವಧಿ ಸಂಶೋಧಕರಿಗೆ ಕೊಡುವ ಹಣ. ಇದನ್ನು ಪಡೆಯುತ್ತಲೇ ಕಂಪನಿಯಿಂದ ಸಂಬಳವನ್ನೂ ಪಡೆದರೆ ಮುಂದೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವವರು ನೀವು, ಕಂಪನಿಯಲ್ಲ. ಪಡೆದ ಹಣವನ್ನು ಹಿಂದಿರುಗಿಸಲು ಹೇಳಬಹುದು.

ಆದ್ದರಿಂದ ಹೊರಡುವ ಮುನ್ನ ಫೆಲೋಶಿಪ್ ವಿಭಾಗಕ್ಕೆ ಗೈಡ್ ಮತ್ತು ಸಂಸ್ಥೆಯ ಮುಖ್ಯಸ್ಥರ ಮೂಲಕ ಪತ್ರ ಬರೆದು ಅನುಮತಿ ಪಡೆಯಿರಿ. ಆ ತಿಂಗಳುಗಳಲ್ಲಿ ಫೆಲೋಶಿಪ್ ಮುಂದುವರಿದು ಕಂಪನಿ ಏನೂ ಕೊಡದಿರಬಹುದು, ಇಲ್ಲವೇ ಫೆಲೋಶಿಪ್ ತಡೆಹಿಡಿದು ಕಂಪನಿ ಶಿಷ್ಯವೇತನ ಕೊಡಬಹುದು. ಯಾವುದಾದರೂ ಸರಿ, ಲಿಖಿತವಾಗಿರಲಿ. ವಿಭಾಗದ ಗುಮಾಸ್ತರು ಕಾರಿಡಾರ್‌ನಲ್ಲಿ ‘ಏನೂ ತೊಂದರೆಯಿಲ್ಲ, ಹೋಗಿ ಬನ್ನಿ’ ಎಂದದ್ದು ಅನುಮತಿಯಲ್ಲ.

ಸಹಯೋಗದ ಬಗೆಯ ಕೆಲಸಕ್ಕೆಂದೇ ರೂಪಿಸಿದ ಒಂದು ಯೋಜನೆಯೂ ಇದೆ: ಡಾಕ್ಟರಲ್ ಸಂಶೋಧನೆಗಾಗಿ ಪ್ರಧಾನ ಮಂತ್ರಿ ಫೆಲೋಶಿಪ್. ಅದರಲ್ಲಿ ಅರ್ಧ ಹಣ ಸರ್ಕಾರದ್ದು, ಅರ್ಧ ಪಾಲುದಾರ ಕಂಪನಿಯದು. ಪಿಎಚ್‌.ಡಿ. ನೋಂದಣಿಯ ಆರಂಭದ ದಿನಗಳಲ್ಲೇ ಕಂಪನಿಯನ್ನು ಗೊತ್ತು ಮಾಡಿಕೊಂಡಿರಬೇಕು. ನಾಲ್ಕನೆಯ ವರ್ಷದಲ್ಲಿ ಇದರ ಹೆಸರು ಕೇಳಿ ಫಲವಿಲ್ಲ. ಈಗಷ್ಟೇ ಸೇರಿದವರಾದರೆ ಈ ವರ್ಷ ಅರ್ಜಿ ಕರೆದಿದ್ದಾರೆಯೇ ನೋಡಿ.

ಗೈಡ್ ಒಪ್ಪುತ್ತಿಲ್ಲ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು.

ಅವರು ಏಕೆ ಒಪ್ಪುವುದಿಲ್ಲ ಎಂಬುದನ್ನು ಅವರ ಕುರ್ಚಿಯಲ್ಲಿ ಕುಳಿತು ಯೋಚಿಸಿ. ಅವರ ಪ್ರಾಜೆಕ್ಟಿಗೆ ಮೂರು ವರ್ಷದ ಅವಧಿ. ಅದರ ವರದಿಯಲ್ಲಿ ನಿಮ್ಮ ಪ್ರಯೋಗದ ಫಲಿತಾಂಶ ಇರಬೇಕು. ಇಲಿಗಳ ಮೇಲೆ ಪ್ರಯೋಗ ನಡೆದಿದ್ದರೆ ಗಡ್ಡೆ ಅಳೆಯುವವರು ವಾರಕ್ಕೆ ಎರಡು ಮೂರು ಬಾರಿ ಅಲ್ಲಿರಲೇಬೇಕು. ಹೋದವರು ಮರಳಿ ಬರದೇ ಇರುವುದನ್ನೂ ಅವರು ನೋಡಿರುತ್ತಾರೆ: ಇಂಟರ್ನ್‌ಶಿಪ್‌ಗೆಂದು ಹೋಗಿ, ಅಲ್ಲೇ ಕೆಲಸ ಸಿಕ್ಕು, ಥೀಸಿಸ್ ಕೈಬಿಟ್ಟವರ ಕಥೆ ಪ್ರತಿ ವಿಭಾಗದಲ್ಲೂ ಒಂದಾದರೂ ಇದೆ. ಆತಂಕ ಸುಳ್ಳಲ್ಲ.

ಆದ್ದರಿಂದ ‘ಸರ್, ಇಂಟರ್ನ್‌ಶಿಪ್‌ಗೆ ಹೋಗಲೇ?’ ಎಂದು ಬರಿಗೈಯಲ್ಲಿ ಕೇಳಬೇಡಿ. ಒಂದು ಹಾಳೆ ತೆಗೆದುಕೊಂಡು ಹೋಗಿ. ಅದರಲ್ಲಿ ಇರಬೇಕಾದದ್ದು: ಹೊರಡುವ ಮುನ್ನ ಯಾವ ಪ್ರಯೋಗ ಮುಗಿಸುತ್ತೀರಿ, ಯಾವ ಚಿತ್ರಗಳು ಸಿದ್ಧವಾಗಿರುತ್ತವೆ, ನೀವಿಲ್ಲದಾಗ ನಿಮ್ಮ ಕೋಶಗಳನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ದಿನ ಮರಳುತ್ತೀರಿ, ಮರಳಿದ ಮೇಲೆ ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಯಾವಾಗ. ನೋಡಿಕೊಳ್ಳುವವರ ಹೆಸರು ಬರೆಯುವ ಮೊದಲು ಅವರನ್ನೊಮ್ಮೆ ಕೇಳಿ. ಕಿರಿಯ ಸಹೋದ್ಯೋಗಿಯ ತಲೆಗೆ ನಿಮ್ಮ ಕೆಲಸ ಕಟ್ಟಿ ಹೋಗುವುದು ಬೇಡ. ಕಟ್ಟಲೇಬೇಕಾದರೆ ಅವರ ಹೆಸರು ಪ್ರಬಂಧದಲ್ಲೂ ಬರಲಿ.

ಮೊದಲು ಗೈಡ್, ಆಮೇಲೆ ಡಾಕ್ಟರಲ್ ಸಮಿತಿ, ಕೊನೆಗೆ ಕಚೇರಿ. ಈ ಕ್ರಮ ತಪ್ಪಿಸಬೇಡಿ. ಗೈಡ್‌ಗೆ ಹೇಳದೆ ಕಂಪನಿಯ ಸಂದರ್ಶನ ಮುಗಿಸಿ, ಆಯ್ಕೆಪತ್ರ ಹಿಡಿದು ಅವರ ಮುಂದೆ ನಿಂತರೆ ಅದು ಅನುಮತಿ ಕೇಳಿದಂತಲ್ಲ, ನೋಟಿಸ್ ಕೊಟ್ಟಂತೆ. ಮುಂದೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ.

ಇಷ್ಟೆಲ್ಲ ಮಾಡಿದ ಮೇಲೂ ಅವರು ಕಡ್ಡಿ ಮುರಿದಂತೆ ‘ಇಲ್ಲ’ ಎಂದರೆ? ಅವಧಿ ಇಳಿಸಿ: ಆರು ತಿಂಗಳ ಬದಲು ಎರಡು. ಅದೂ ಆಗದಿದ್ದರೆ ಥೀಸಿಸ್ ಸಲ್ಲಿಸಿದ ನಂತರ, ಮೌಖಿಕ ಪರೀಕ್ಷೆಗೆ ಕಾಯುವ ಅವಧಿಯನ್ನು ಬಳಸಿಕೊಳ್ಳಿ. ಪರೀಕ್ಷಕರ ವರದಿ ಬರಲು ತಿಂಗಳುಗಳೇ ಹಿಡಿಯುವುದುಂಟು, ಆಗ ನಿಮ್ಮನ್ನು ತಡೆಯುವವರು ಯಾರೂ ಇಲ್ಲ. ಗೈಡ್ ಜೊತೆ ಜಗಳವಾಡಿ ಹೋಗುವಷ್ಟು ಬೆಲೆ ಯಾವ ಇಂಟರ್ನ್‌ಶಿಪ್‌ಗೂ ಇಲ್ಲ.

ಅಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ?

ಮೊದಲ ವಾರ ನಿಮ್ಮ ಕೈಗೆ ಪಿಪೆಟ್ ಕೊಡುವುದಿಲ್ಲ, ಎಸ್‌ಒಪಿಗಳ, ಅಂದರೆ ಪ್ರತಿ ಕೆಲಸದ ನಿಗದಿತ ಕ್ರಮ ಬರೆದ ದಾಖಲೆಗಳ, ಕಟ್ಟು ಕೊಡುತ್ತಾರೆ. ಪ್ರತಿಯೊಂದನ್ನೂ ಓದಿ ಸಹಿ ಹಾಕಬೇಕು. ಐದು ವರ್ಷ ಕೋಶ ಬೆಳೆಸಿದವರಿಗೆ ‘ಫ್ಲಾಸ್ಕ್ ತೊಳೆಯುವ ಕ್ರಮ’ ಓದಿಸಿದರೆ ಸಿಟ್ಟು ಬರುತ್ತದೆ. ಬರಲಿ, ಓದಿ.

ಆಮೇಲೆ ನೋಟ್‌ಬುಕ್. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಹುತೇಕರ ನೋಟ್‌ಬುಕ್ ಹೇಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು: ಅರ್ಧ ಕೈಗವಸಿನ ಮೇಲೆ, ಅರ್ಧ ಟಿಶ್ಯೂ ಕಾಗದದ ಮೇಲೆ, ಉಳಿದದ್ದು ನೆನಪಿನಲ್ಲಿ. ಕಂಪನಿಯಲ್ಲಿ ಬಳಸಿದ ಸೀರಂ ಬಾಟಲಿಯ ಲಾಟ್ ಸಂಖ್ಯೆ, ಪಿಪೆಟ್‌ನ ಕ್ಯಾಲಿಬ್ರೇಷನ್ ದಿನಾಂಕ, ಕೋಶಗಳ ಪ್ಯಾಸೇಜ್ ಸಂಖ್ಯೆ, ತೂಕದ ಯಂತ್ರದ ಮುದ್ರಿತ ಚೀಟಿ ಎಲ್ಲವೂ ಅದೇ ದಿನ, ಅದೇ ಹೊತ್ತಿಗೆ ದಾಖಲಾಗಬೇಕು. ತಪ್ಪು ಅಂಕಿ ಬರೆದರೆ ವೈಟ್ನರ್ ಹಚ್ಚುವಂತಿಲ್ಲ, ಗೀಚುವಂತಿಲ್ಲ. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಕಾರಣ ಹಾಕಬೇಕು. ಆ ಪುಟವನ್ನು ಇನ್ನೊಬ್ಬರು ಓದಿ ತಾವೂ ಸಹಿ ಮಾಡುತ್ತಾರೆ. ವಿದ್ಯುನ್ಮಾನ ನೋಟ್‌ಬುಕ್ ಇದ್ದರೆ ಯಾರು ಯಾವಾಗ ಏನು ತಿದ್ದಿದರು ಎಂಬುದನ್ನು ಅದೇ ಬರೆದಿಟ್ಟುಕೊಳ್ಳುತ್ತದೆ.

ಇದು ಕಾಗದದ ಹುಚ್ಚು ಎನಿಸಿದರೆ ಕ್ಯಾನ್ಸರ್ ಕ್ಷೇತ್ರದ್ದೇ ಎರಡು ಸಂಗತಿ ಕೇಳಿ. ಎಂಡಿಎ-ಎಂಬಿ-435 ಎಂಬ ಕೋಶಗಳನ್ನು ಸ್ತನ ಕ್ಯಾನ್ಸರ್‌ನವೆಂದು ನಂಬಿ ಪ್ರಪಂಚದ ಪ್ರಯೋಗಾಲಯಗಳು ವರ್ಷಗಟ್ಟಲೆ ಕೆಲಸ ಮಾಡಿದವು. ಕೊನೆಗೆ ತಿಳಿದದ್ದು, ಅವು ಮೆಲನೋಮಾದ, ಅಂದರೆ ಚರ್ಮದ ಕ್ಯಾನ್ಸರ್‌ನ ಕೋಶಗಳು. ಇನ್ನೊಂದು, 2012ರಲ್ಲಿ ಆಮ್‌ಜೆನ್ ಕಂಪನಿಯ ಅನುಭವವನ್ನು ಗ್ಲೆನ್ ಬೆಗ್ಲಿ ಮತ್ತು ಲೀ ಎಲಿಸ್ ಪ್ರಕಟಿಸಿದರು: ಕ್ಯಾನ್ಸರ್ ಕ್ಷೇತ್ರದ 53 ಹೆಸರಾಂತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 6ರಲ್ಲಿ ಮಾತ್ರ ಮೂಲ ಫಲಿತಾಂಶ ಸಿಕ್ಕಿತು. ನಿಮ್ಮ ಪ್ರಬಂಧವನ್ನು ಓದಿದ ಕಂಪನಿಯವರು ಮೊದಲು ಮಾಡುವ ಕೆಲಸ ನಿಮ್ಮನ್ನು ಹೊಗಳುವುದಲ್ಲ, ನಿಮ್ಮ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು. ಕೋಶಗಳ ಗುರುತು ಖಚಿತಪಡಿಸುವ ಎಸ್‌ಟಿಆರ್ ಪರೀಕ್ಷೆ, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಅವರಲ್ಲಿ ದಿನನಿತ್ಯದ ಕೆಲಸ. ಇದೊಂದು ಅಭ್ಯಾಸವನ್ನು ಮರಳಿ ನಿಮ್ಮ ಪ್ರಯೋಗಾಲಯಕ್ಕೆ ತಂದರೂ ಗೈಡ್‌ಗೆ ಲಾಭವೇ. ಒಪ್ಪಿಸುವಾಗ ಈ ಮಾತನ್ನೂ ಹೇಳಬಹುದು.

ಕಾರ್-ಟಿ ಘಟಕಕ್ಕೆ ಹೋದವರು ಇನ್ನೊಂದನ್ನು ನೋಡುತ್ತಾರೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ವೈರಸ್ ವಾಹಕದ ಮೂಲಕ ಜೀನು ಸೇರಿಸಿ, ಬೆಳೆಸಿ, ಹೆಪ್ಪುಗಟ್ಟಿಸಿ ಮರಳಿ ಕೊಡುವ ತನಕ ಚೀಲದ ಮೇಲಿನ ಲೇಬಲ್‌ಗೆ ಇರುವ ಮಹತ್ವ ಬೇರೆ ಯಾವುದಕ್ಕೂ ಇಲ್ಲ. ಒಬ್ಬರ ಕೋಶ ಇನ್ನೊಬ್ಬರಿಗೆ ಹೋಗುವಂತಿಲ್ಲ. ಸೋಂಕು ಇಲ್ಲವೆಂಬ ಪರೀಕ್ಷೆ, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷದ ಪರೀಕ್ಷೆ, ಜೀವಂತ ಕೋಶಗಳ ಪ್ರಮಾಣ ಎಲ್ಲ ಸರಿಯಿದ್ದರೆ ಮಾತ್ರ ಚೀಲ ಹೊರಗೆ ಬರುತ್ತದೆ. ತರಬೇತಿಗೆ ಬಂದವರು ಆ ಚೀಲವನ್ನು ಮುಟ್ಟುವುದಿಲ್ಲ. ಪಕ್ಕದ ಕೋಣೆಯಲ್ಲಿ ಅಭ್ಯಾಸದ ಕೋಶಗಳ ಮೇಲೆ ಅದೇ ಹಂತಗಳನ್ನು ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಒಂದು ಪ್ರಾಜೆಕ್ಟನ್ನು ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು. ಪಿಎಚ್‌.ಡಿ.ಯಲ್ಲಿ ನಾವು ಯಾವುದನ್ನೂ ನಿಲ್ಲಿಸುವುದಿಲ್ಲ. ಕೆಲಸ ಮಾಡದ ಊಹೆಯನ್ನು ಇನ್ನೊಂದು ಕೋಶದಲ್ಲಿ, ಮತ್ತೊಂದು ಡೋಸ್‌ನಲ್ಲಿ ಎಳೆಯುತ್ತಲೇ ಇರುತ್ತೇವೆ. ಅಣುವಿಗೆ ಸಾಕಷ್ಟು ಕರಗುವ ಗುಣವಿಲ್ಲ, ಯಕೃತ್ತಿಗೆ ವಿಷಕಾರಿ ಎಂದು ಗೊತ್ತಾದರೆ ಕಂಪನಿಯಲ್ಲಿ ಒಂದೇ ಸಭೆಯಲ್ಲಿ ಅದರ ಕಡತ ಮುಚ್ಚುತ್ತದೆ. ಆ ಸಭೆಯ ಮೂಲೆಯಲ್ಲಿ ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ.

ಪೇಟೆಂಟ್, ಗೋಪ್ಯತೆಯ ಒಪ್ಪಂದ: ಕಣ್ಣು ಮುಚ್ಚಿ ಸಹಿ ಹಾಕಬಹುದೇ?

ಹಾಕಬೇಡಿ. ಓದಿ, ಅರ್ಥವಾಗದಿದ್ದರೆ ನಿಮ್ಮ ಸಂಸ್ಥೆಯ ಬೌದ್ಧಿಕ ಆಸ್ತಿ ವಿಭಾಗಕ್ಕೆ ತೋರಿಸಿ. ಅದಿಲ್ಲದ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಅಧಿಕಾರಿಯಾದರೂ ಇರುತ್ತಾರೆ.

ಕಂಪನಿಯ ಒಳಗೆ ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂಬ ಷರತ್ತು ಸಹಜ. ಅಲ್ಲಿ ಮಾಡಿದ ಕೆಲಸದ ಫಲ ಕಂಪನಿಯದು ಎಂಬುದೂ ಸಹಜ. ಕಣ್ಣಿಡಬೇಕಾದದ್ದು ಬೇರೆ ಸಾಲಿನ ಮೇಲೆ: ‘ಈ ಅವಧಿಯಲ್ಲಿ ವಿದ್ಯಾರ್ಥಿಯು ಮಾಡುವ ಎಲ್ಲ ಆವಿಷ್ಕಾರಗಳೂ ಕಂಪನಿಗೆ ಸೇರತಕ್ಕದ್ದು’ ಎಂದಿದ್ದರೆ, ನೀವು ಭಾನುವಾರ ನಿಮ್ಮ ಪ್ರಯೋಗಾಲಯಕ್ಕೆ ಹೋಗಿ ಕಂಡುಕೊಂಡದ್ದೂ ಅದರಲ್ಲಿ ಬೀಳಬಹುದು. ಅದು ಈಗಾಗಲೇ ನಿಮ್ಮ ಸಂಸ್ಥೆಗೆ ಸೇರಿದ್ದು, ನೀವು ಬರೆದುಕೊಡುವ ಹಕ್ಕೇ ನಿಮಗಿಲ್ಲ. ‘ಕಂಪನಿಯ ಆವರಣದಲ್ಲಿ, ಕಂಪನಿ ವಹಿಸಿದ ಕೆಲಸದಿಂದ ಹುಟ್ಟಿದ’ ಎಂದು ತಿದ್ದಿಸಿಕೊಳ್ಳಿ. ಕೇಳಿದರೆ ಸಾಮಾನ್ಯವಾಗಿ ತಿದ್ದುತ್ತಾರೆ, ಕೇಳುವವರು ಕಡಿಮೆ.

ನಿಮ್ಮ ಸ್ವಂತ ಥೀಸಿಸ್‌ನಲ್ಲಿ ಪೇಟೆಂಟ್ ಮಾಡಬಹುದಾದ್ದು ಇದ್ದರೆ ಇನ್ನೊಂದು ಎಚ್ಚರ. ಭಾರತದಲ್ಲಿ ಅರ್ಜಿ ಸಲ್ಲಿಸುವ ಮೊದಲು ವಿಷಯ ಬಹಿರಂಗವಾದರೆ ಹೊಸತನ ಹೋಯಿತೆಂದೇ ಲೆಕ್ಕ. ವಿನಾಯಿತಿಗಳು ಬಹಳ ಸೀಮಿತ. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ ಎಂಬುದನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳುವವರಿದ್ದಾರೆ. ಪೋಸ್ಟರ್, ಮುಕ್ತ ಮೌಖಿಕ ಪರೀಕ್ಷೆ, ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಏರಿಸಿದ ಥೀಸಿಸ್, ಕಂಪನಿಯ ಸಂದರ್ಶನದಲ್ಲಿ ಉತ್ಸಾಹದಿಂದ ತೋರಿಸಿದ ಸ್ಲೈಡ್ ಯಾವುದರಿಂದಲೂ ಗುಟ್ಟು ಹೊರಬೀಳಬಹುದು. ಸಂದರ್ಶನದಲ್ಲಿ ಪ್ರಕಟವಾದ ಕೆಲಸವನ್ನಷ್ಟೇ ತೋರಿಸಿ. ಉಳಿದದ್ದಕ್ಕೆ ‘ಇದು ಇನ್ನೂ ಪ್ರಕಟವಾಗಿಲ್ಲ’ ಎಂದರೆ ಸಂದರ್ಶಕರು ಮೆಚ್ಚುತ್ತಾರೆಯೇ ಹೊರತು ಬೇಸರಿಸುವುದಿಲ್ಲ.

ಭಾರತದ ಪೇಟೆಂಟ್ ಕಾನೂನಿನಲ್ಲಿ ಕ್ಯಾನ್ಸರ್‌ನವರು ತಿಳಿದಿರಲೇಬೇಕಾದ ಒಂದು ಸೆಕ್ಷನ್ ಇದ್ದರೆ ಅದು 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಪರಿಣಾಮಕತ್ವ ಹೆಚ್ಚದಿದ್ದರೆ, ಪೇಟೆಂಟ್ ಇಲ್ಲ. ರಕ್ತಕ್ಯಾನ್ಸರ್‌ನ ಔಷಧ ಇಮಾಟಿನಿಬ್‌ನ ಒಂದು ಹರಳು ರೂಪಕ್ಕೆ ನೋವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದು ಇದರ ಆಧಾರದ ಮೇಲೆ. ಔಷಧ ಕಂಪನಿಗೆ ಹೋಗುವ ಮೊದಲು ಆ ತೀರ್ಪಿನ ಸಾರಾಂಶವನ್ನಾದರೂ ಓದಿಕೊಳ್ಳಿ. ಎರಡೂ ಕಡೆಯ ವಾದ ಅದರಲ್ಲಿದೆ.

ನನ್ನ ಬಳಿ ಇರುವ ರೋಗಿಗಳ ಗಡ್ಡೆಯ ಮಾದರಿಗಳನ್ನು ಕಂಪನಿಯ ಯಂತ್ರದಲ್ಲಿ ಪರೀಕ್ಷಿಸಬಹುದೇ?

ಇಲ್ಲ. ಆ ಮಾದರಿಗಳು ನಿಮ್ಮವಲ್ಲ. ರೋಗಿ ಒಪ್ಪಿಗೆ ಕೊಟ್ಟದ್ದು ನಿರ್ದಿಷ್ಟ ಅಧ್ಯಯನಕ್ಕೆ, ನೈತಿಕ ಸಮಿತಿ ಅನುಮತಿ ಕೊಟ್ಟದ್ದೂ ಅದಕ್ಕೇ. ಕಂಪನಿಗೆ ಒಯ್ಯಬೇಕಾದರೆ ಹೊಸ ಅನುಮತಿ ಮತ್ತು ಎರಡು ಸಂಸ್ಥೆಗಳ ನಡುವೆ ಮಾದರಿ ವರ್ಗಾವಣೆಯ ಒಪ್ಪಂದ ಬೇಕು. ಹೆಸರು ಅಳಿಸಿದ ದತ್ತಾಂಶಕ್ಕೂ ಇದೇ ಮಾತು. ‘ಒಂದೇ ಒಂದು ಸ್ಲೈಡ್, ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ’ ಎನ್ನುವವರು ತಮ್ಮ ಗೈಡ್‌ನ ಇಡೀ ಅಧ್ಯಯನವನ್ನೇ ಅಪಾಯಕ್ಕೆ ಒಡ್ಡುತ್ತಾರೆ.

ನನ್ನದು ಕಂಪ್ಯೂಟರ್ ಕೆಲಸ. ಕೋಶ ಮುಟ್ಟಿಲ್ಲ. ನನಗೆ ಅವಕಾಶವಿದೆಯೇ?

ಈಗ ನಿಮಗೇ ಹೆಚ್ಚು. ಜೀನೋಮ್ ದತ್ತಾಂಶ, ರೋಗನಿದಾನದ ಕಂಪನಿಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಆರಂಭಿಸಿದ ಸ್ಟ್ರ್ಯಾಂಡ್, ಸ್ತನ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆಯನ್ನು ಅಂದಾಜಿಸುವ ಪರೀಕ್ಷೆ ರೂಪಿಸಿದ ಆಂಕೊಸ್ಟೆಮ್, ಮೆಡ್‌ಜೀನೋಮ್ ಇಂಥವು. ಒಂದು ಅನುಕೂಲ: ವಾರದಲ್ಲಿ ಎರಡು ದಿನದ ಅರೆಕಾಲಿಕ ವ್ಯವಸ್ಥೆ ನಿಮಗೆ ಸಾಧ್ಯ. ಒಂದು ತೊಂದರೆ: ಕೋಡ್ ಕೂಡ ಬೌದ್ಧಿಕ ಆಸ್ತಿ. ಥೀಸಿಸ್‌ಗೆ ಬರೆದ ಪ್ರೋಗ್ರಾಮನ್ನು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ತೆರೆಯಬೇಡಿ. ಕಂಪನಿಯದನ್ನು ನಿಮ್ಮದರಲ್ಲಿ ತೆರೆಯುವ ಮಾತಂತೂ ಬೇಡವೇ ಬೇಡ.

ಎಂ.ಎಸ್ಸಿ. ಓದುತ್ತಿದ್ದೇನೆ. ಈಗಲೇ ಹೋಗಲೇ, ಪಿಎಚ್‌.ಡಿ. ಸೇರಿದ ಮೇಲೆಯೇ?

ಈಗಲೇ ಹೋಗಿ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟನ್ನು ಕಂಪನಿಯಲ್ಲಿ ಮಾಡಲು ಹಲವು ವಿಭಾಗಗಳು ಬಿಡುತ್ತವೆ. ಓದು ಮುಗಿದವರಿಗೆ ಕರ್ನಾಟಕ ಸರ್ಕಾರದ ಜೈವಿಕ ತಂತ್ರಜ್ಞಾನ ಕೌಶಲ ಕಾರ್ಯಕ್ರಮ ಬೈಸೆಪ್ ಇದೆ. ಅದರಲ್ಲಿ ಕಂಪನಿಯ ಇಂಟರ್ನ್‌ಶಿಪ್ ಪಠ್ಯದ ಭಾಗವೇ. ಬೆಂಗಳೂರಿನ ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಸಿ-ಕ್ಯಾಂಪ್‌ನಲ್ಲಿಯೂ ತರಬೇತಿಗಳು ನಡೆಯುತ್ತವೆ, ಅಲ್ಲಿ ನೆಲೆ ನಿಂತಿರುವ ನವೋದ್ಯಮಗಳ ಪರಿಚಯವೂ ಆಗುತ್ತದೆ. ಪಿಎಚ್‌.ಡಿ. ಬೇಕೋ ಬೇಡವೋ ಎಂಬ ಗೊಂದಲದಲ್ಲಿರುವವರಿಗೆ ಆರು ತಿಂಗಳ ಕಂಪನಿ ವಾಸ ಐದು ವರ್ಷ ಉಳಿಸಿಕೊಟ್ಟರೂ ಕೊಟ್ಟೀತು.

ಅರ್ಜಿ ಹೇಗೆ ಹಾಕುವುದು? ಜಾಹೀರಾತೇ ಕಾಣುವುದಿಲ್ಲ.

ಪಿಎಚ್‌.ಡಿ. ವಿದ್ಯಾರ್ಥಿಗಳಿಗೆಂದು ಜಾಹೀರಾತು ಬರುವುದು ಅಪರೂಪ. ಹೆಚ್ಚಿನವು ಪತ್ರ ಬರೆದು ಪಡೆದುಕೊಂಡವು. ಮಾನವ ಸಂಪನ್ಮೂಲ ವಿಭಾಗಕ್ಕಲ್ಲ, ಆ ತಂಡದ ವಿಜ್ಞಾನಿಗೆ ಬರೆಯಿರಿ. ಸಮ್ಮೇಳನಗಳಲ್ಲಿ ಪರಿಚಯವಾದವರು, ನಿಮ್ಮ ಪ್ರಯೋಗಾಲಯದಿಂದ ಹೋದ ಹಿರಿಯರು ಮೊದಲ ಬಾಗಿಲು.

ಪತ್ರ ಚಿಕ್ಕದಾಗಿರಲಿ: ಏನು ಮಾಡಬಲ್ಲಿರಿ, ಯಾವ ತಿಂಗಳಿನಿಂದ ಎಷ್ಟು ತಿಂಗಳು ಬರಬಲ್ಲಿರಿ, ಗೈಡ್ ಒಪ್ಪಿದ್ದಾರೆ, ಇಷ್ಟು. ‘ಕ್ಯಾನ್ಸರ್ ಗುಣಪಡಿಸುವುದು ನನ್ನ ಬಾಲ್ಯದ ಕನಸು’ ಎಂಬ ಸಾಲನ್ನು ತೆಗೆದುಹಾಕಿ. ಅದರ ಜಾಗದಲ್ಲಿ ‘ಎಂಟು ಬಣ್ಣದ ಫ್ಲೋ ಸೈಟೊಮೆಟ್ರಿ ಪ್ಯಾನಲ್ ಸ್ವತಂತ್ರವಾಗಿ ರೂಪಿಸಿದ್ದೇನೆ’ ಎಂದು ಬರೆದರೆ ಉತ್ತರ ಬರುತ್ತದೆ. ಚಿಕ್ಕ ನವೋದ್ಯಮಗಳು ಬೇಗ ಉತ್ತರಿಸುತ್ತವೆ, ಹೆಚ್ಚು ಬಗೆಯ ಕೆಲಸ ಕೊಡುತ್ತವೆ. ಶಿಸ್ತಿನ ಕಾಗದಪತ್ರ ಕಲಿಯಬೇಕಾದರೆ ದೊಡ್ಡ ಕಂಪನಿಯೇ ಸರಿ.

ತರಬೇತಿಗೆಂದು ನಿಮ್ಮಿಂದಲೇ ದೊಡ್ಡ ಮೊತ್ತ ಕೇಳಿ, ಕೊನೆಗೆ ಬಣ್ಣದ ಪ್ರಮಾಣಪತ್ರ ಕೊಡುವ ‘ಇಂಟರ್ನ್‌ಶಿಪ್’ಗಳೂ ಇವೆ. ಅಲ್ಲಿ ನಿಜವಾದ ಉತ್ಪನ್ನವೂ ಇಲ್ಲ, ಗಡುವೂ ಇಲ್ಲ. ಕಾಲೇಜಿನ ಪ್ರಾಯೋಗಿಕ ತರಗತಿಯನ್ನೇ ಮತ್ತೆ ಮಾಡಿಸುತ್ತಾರೆ. ಪಾಠಕ್ಕೆ ಶುಲ್ಕ ಪಡೆದು ನೇರವಾಗಿ ಪಾಠವೆಂದೇ ಹೇಳುವ ಒಳ್ಳೆಯ ಸಂಸ್ಥೆಗಳ ಮಾತು ಬೇರೆ.

ಬೆಂಗಳೂರಿನಲ್ಲೇ ಇದ್ದರೂ ಓಡಾಟ ಹೇಗೆ?

ಸಂಶೋಧನಾ ಸಂಸ್ಥೆಗಳು ಬಹುಪಾಲು ಊರಿನ ಉತ್ತರಕ್ಕೆ, ಔಷಧ ಕಂಪನಿಗಳು ಬಹುಪಾಲು ದಕ್ಷಿಣದ ತುದಿಗೆ. ಜಿಕೆವಿಕೆಯಿಂದ ಬೊಮ್ಮಸಂದ್ರಕ್ಕೆ ದಿನವೂ ಹೋಗಿಬರುವುದು ಆಗದ ಮಾತು. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಯಶವಂತಪುರದ ಕಡೆಯವರು ಹಸಿರು ಮಾರ್ಗದಲ್ಲಿ ಬಂದು ಆರ್‌.ವಿ. ರಸ್ತೆಯಲ್ಲಿ ಬದಲಿಸಿದರೆ ಹೆಬ್ಬಗೋಡಿಗೆ ಹೋಗಬಹುದು. ಅಲ್ಲಿನ ನಿಲ್ದಾಣದ ಹೆಸರಿನಲ್ಲೇ ಬಯೋಕಾನ್ ಇದೆ. ಆದರೂ ಸಂಜೆ ಮರಳಿ ಪ್ರಯೋಗಾಲಯಕ್ಕೆ ಹೋಗಿ ಕೋಶಗಳಿಗೆ ಆಹಾರ ಹಾಕುತ್ತೇನೆ ಎಂಬ ಲೆಕ್ಕಾಚಾರ ಎರಡು ವಾರ ನಡೆದೀತು. ಕೋಶಗಳನ್ನು ದ್ರವ ಸಾರಜನಕದಲ್ಲಿ ಇಟ್ಟು, ಹೆಬ್ಬಗೋಡಿಯ ಬಳಿಯೇ ಪಿ.ಜಿ. ಹಿಡಿಯಿರಿ.

ಅಮೆರಿಕ, ಯುರೋಪ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿರುವವರಿಗೆ?

ಅಲ್ಲಿ ವ್ಯವಸ್ಥೆ ಗಟ್ಟಿಯಾಗಿದೆ, ಷರತ್ತುಗಳೂ ಅಷ್ಟೇ ಗಟ್ಟಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಣ ಕೊಡುವ ಜೈವಿಕ ತಂತ್ರಜ್ಞಾನ ತರಬೇತಿ ಯೋಜನೆಗಳಲ್ಲಿ ಕಂಪನಿಯ ಇಂಟರ್ನ್‌ಶಿಪ್ ತರಬೇತಿಯ ಭಾಗವೇ ಆಗಿದೆ. ಆದರೆ ಟಿ32 ಎಂದು ಕರೆಯುವ ಆ ಹಣ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಎಫ್‌-1 ವಿದ್ಯಾರ್ಥಿ ವೀಸಾದವರು ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಪಡೆದು ಹೋಗಬೇಕು. ಅದನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ನಿಮ್ಮ ವಿದ್ಯಾರ್ಥಿ ದಾಖಲೆಯಾದ ಐ-20ಯಲ್ಲಿ ನಮೂದಿಸಿದ ಮೇಲೆಯೇ ಕಂಪನಿಯ ಹೊಸ್ತಿಲು ದಾಟಬೇಕು. ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಅದೇ ಪದವಿಯ ಮೇಲೆ ಓಪಿಟಿ, ಅಂದರೆ ಓದಿನ ನಂತರ ಅಲ್ಲಿ ಕೆಲಸ ಮಾಡುವ ಅನುಮತಿ, ಸಿಗುವುದಿಲ್ಲ. ಓಪಿಟಿಯ ಒಂದು ವರ್ಷ, ಅದರ ಮೇಲೆ ವಿಜ್ಞಾನ-ತಂತ್ರಜ್ಞಾನ ಪದವೀಧರರಿಗೆ ಸಿಗುವ ಸ್ಟೆಮ್ ವಿಸ್ತರಣೆಯ ಎರಡು ವರ್ಷ ಎರಡನ್ನೂ ಕಳೆದುಕೊಂಡಂತೆ. ಮೂರು ತಿಂಗಳ ಬೇಸಿಗೆ ಇಂಟರ್ನ್‌ಶಿಪ್‌ಗೆ ಈ ಭಯವಿಲ್ಲ.

ಬ್ರಿಟನ್ನಿನಲ್ಲಿ ಕಂಪನಿಯ ಜೊತೆ ನಡೆಸುವ ‘ಕೇಸ್’ ಎಂಬ ಫೆಲೋಶಿಪ್‌ಗಳಲ್ಲಿ ಕನಿಷ್ಠ ಮೂರು ತಿಂಗಳು ಪಾಲುದಾರ ಕಂಪನಿಯಲ್ಲಿ ಕಳೆಯಬೇಕು. ಯುರೋಪಿನ ಮೇರಿ ಕ್ಯೂರಿ ಯೋಜನೆಯ ಕೈಗಾರಿಕಾ ಡಾಕ್ಟರೇಟ್‌ನಲ್ಲಿ ಅರ್ಧದಷ್ಟು ಕಾಲ ವಿಶ್ವವಿದ್ಯಾಲಯದ ಹೊರಗೇ. ಭಾರತದಿಂದ ನೇರವಾಗಿ ಅರ್ಜಿ ಹಾಕುವವರಿಗೆ ಇದು ಒಳ್ಳೆಯ ದಾರಿ, ನಮ್ಮವರು ಇದನ್ನು ಹುಡುಕುವುದು ಕಡಿಮೆ.

ಇಂಟರ್ನ್‌ಶಿಪ್ ಮಾಡಿದರೆ ಅಲ್ಲೇ ಕೆಲಸ ಖಚಿತವೇ?

ಖಚಿತವಲ್ಲ. ಒಂದು ವೇಳೆ ಕೊಟ್ಟರೂ ಥೀಸಿಸ್ ಸಲ್ಲಿಸಿದ ಮೇಲೆ ಬರುತ್ತೇನೆ ಎಂದು ಹೇಳಿ ಮರಳಿ. ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟವರು ಆ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಎಂ.ಎಸ್ಸಿ. ಹಂತದಲ್ಲೇ ಲೆಕ್ಕಕ್ಕೆ ಬರುತ್ತಾರೆ.

ಅಲ್ಲಿನ ಕೆಲಸವನ್ನು ಥೀಸಿಸ್‌ನಲ್ಲಿ ಸೇರಿಸಬಹುದೇ?

ಶುದ್ಧ ಇಂಟರ್ನ್‌ಶಿಪ್ ಆಗಿದ್ದರೆ ಬೇಡ. ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಸಾಕು. ಸಹಯೋಗವಾಗಿದ್ದರೆ ಒಪ್ಪಂದದಲ್ಲಿ ಎರಡು ಅಂಶ ಇರಲೇಬೇಕು: ಥೀಸಿಸ್ ಸಲ್ಲಿಕೆಯನ್ನು ಕಂಪನಿ ತಡೆಯುವಂತಿಲ್ಲ, ಪ್ರಕಟಣೆಯ ಪ್ರತಿಯನ್ನು ನೋಡಿ ಆಕ್ಷೇಪ ಹೇಳಲು ಇಷ್ಟು ದಿನ ಎಂಬ ಮಿತಿ. ಮಿತಿಯಿಲ್ಲದ ‘ಪೂರ್ವಾನುಮತಿ’ ಎಂದರೆ ನಿಮ್ಮ ಪದವಿಯ ಬೀಗದ ಕೈ ಕಂಪನಿಯ ವಕೀಲರ ಜೇಬಿನಲ್ಲಿದೆ ಎಂದರ್ಥ.

ಮುಗಿಸಿ ಹೊರಡುವಾಗ ಏನೇನು ತೆಗೆದುಕೊಳ್ಳಬೇಕು?

ದಿನಾಂಕಗಳಿರುವ ಪ್ರಮಾಣಪತ್ರ. ನೀವು ಯಾವ ತಂತ್ರಗಳನ್ನು ಬಳಸಿದಿರಿ ಎಂಬುದನ್ನು, ಅಣುವಿನ ಹೆಸರು ಎತ್ತದೆ, ಸ್ವವಿವರದಲ್ಲಿ ಹೇಗೆ ಬರೆಯಬಹುದು ಎಂದು ಮೇಲಿನವರು ಒಪ್ಪಿದ ಎರಡು ಮೂರು ಸಾಲು. ಇದನ್ನು ಮಿಂಚಂಚೆಯಲ್ಲಿ ಪಡೆದುಕೊಳ್ಳಿ. ಮುಂದೆ ಶಿಫಾರಸು ಬರೆಯಲು ಒಪ್ಪುವ ಒಬ್ಬರ ಸ್ವಂತ ವಿಳಾಸ, ಏಕೆಂದರೆ ಅವರೂ ಕಂಪನಿ ಬದಲಿಸುತ್ತಾರೆ. ತೆಗೆದುಕೊಳ್ಳಬಾರದ್ದು: ದತ್ತಾಂಶ, ಎಸ್‌ಒಪಿಯ ಫೋಟೊ, ಕೋಶಗಳ ಒಂದು ವಯಲ್, ‘ನೆನಪಿಗಾಗಿ’ ಪೆನ್‌ಡ್ರೈವ್‌ಗೆ ಹಾಕಿಕೊಂಡ ಸ್ಲೈಡುಗಳು. ಕೊನೆಯ ದಿನ ಐಟಿ ವಿಭಾಗದವರು ಲ್ಯಾಪ್‌ಟಾಪ್ ಪಡೆದು ಕೊಡುವ ರಸೀದಿಯನ್ನು ಎಸೆಯದೆ ಇಟ್ಟುಕೊಳ್ಳಿ.